ಆಫರ್ ಲೆಟರ್ ಬಂತಾ? ದುಡ್ಡು ಕಳಿಸುವ ಮೊದಲು ಒಂದು ಸಲ ಹೀಗೆ ನೋಡಿ

ಕಳೆದ ತಿಂಗಳು ಒಂದು ಶುಕ್ರವಾರ ಮಧ್ಯಾಹ್ನ ಹಿರಿಯೂರಿನಿಂದ ಚಿಕ್ಕಮ್ಮನ ಮಗ ಫೋನ್ ಮಾಡಿದ. "ಅಣ್ಣಾ, ಏರ್‌ಪೋರ್ಟ್‌ನಲ್ಲಿ ಕೆಲಸ ಆಯ್ತು. ಒಂದು ಎರಡೂವರೆ ಸಾವಿರ ಫೋನ್‌ಪೇ ಮಾಡ್ತೀಯಾ? ಒಟ್ಟು 2,850 ಕಟ್ಟಬೇಕಂತೆ, ಅಮ್ಮನ ಹತ್ರ ಮುನ್ನೂರೈವತ್ತು ಇದೆ. ನಾಲ್ಕು ಗಂಟೆ ಒಳಗೆ ಕಟ್ಟಿದ್ರೆ ಮಾತ್ರ ಸೀಟು."

ಬಿಕಾಂ ಮುಗಿಸಿ ಒಂದು ವರ್ಷದಿಂದ ಬಟ್ಟೆ ಅಂಗಡಿಯಲ್ಲಿ ನಿಂತಿದ್ದಾನೆ. ಅವನ ದನಿಯಲ್ಲಿದ್ದ ಖುಷಿ ಕೇಳಿ "ಇದು ಮೋಸ ಕಣೋ" ಅನ್ನಲು ನನಗೆ ಬಾಯಿ ಬರಲಿಲ್ಲ. ಲೆಟರ್ ಕಳಿಸು ನೋಡೋಣ ಅಂದೆ.

ನಾನೇನೂ ಹುಟ್ಟಾ ಬುದ್ಧಿವಂತ ಅಲ್ಲ. 2013ರಲ್ಲಿ ಡಿಗ್ರಿ ಮುಗಿಸಿ ಬೆಂಗಳೂರಿಗೆ ಬಂದಾಗ ಮೆಜೆಸ್ಟಿಕ್ ಹತ್ತಿರ ಎರಡನೇ ಮಹಡಿಯಲ್ಲಿದ್ದ ಒಂದು ಕನ್ಸಲ್ಟೆನ್ಸಿಗೆ 1,500 ರೂಪಾಯಿ ರಿಜಿಸ್ಟ್ರೇಷನ್ ಫೀ ಕಟ್ಟಿದ್ದೆ. ಒಂದು ಚೀಟಿಯಲ್ಲಿ ಮೂರು ವಿಳಾಸ ಬರೆದುಕೊಟ್ಟರು. ಮೊದಲನೆಯ ಕಡೆ ಗೇಟಿನ ಸೆಕ್ಯುರಿಟಿ ಚೀಟಿ ನೋಡಿ "ನೀವು ಇವತ್ತು ನಾಲ್ಕನೆಯವರು" ಅಂದು ನಕ್ಕ. ಎರಡನೆಯ ವಿಳಾಸದಲ್ಲಿ ಖಾಲಿ ಸೈಟು, ಅದರಲ್ಲಿ ಎರಡು ಹಸು. ಮೂರನೆಯದಕ್ಕೆ ಹೋಗಲೇ ಇಲ್ಲ, ಬಸ್ ಚಾರ್ಜಾದರೂ ಉಳಿಯಲಿ ಅಂತ. ವಾರ ಬಿಟ್ಟು ಕೇಳಲು ಹೋದರೆ ಬಾಗಿಲಿಗೆ ಬೀಗ. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಆ ಮೇಲೆ ಇಂಥ ಲೆಟರ್‌ಗಳನ್ನು ಊರಿನ ಹುಡುಗರಿಗಾಗಿ ನೋಡಿ ನೋಡಿ ನನಗೆ ಒಂದು ವಿಷಯ ಮಾತ್ರ ಖಾತ್ರಿಯಾಗಿದೆ. ಮೋಸ ಹೋದವರೆಲ್ಲ ವಿಚಾರಿಸದೇ ಹೋದವರಲ್ಲ. ವಿಚಾರಿಸಿಯೇ ಹೋದವರು ಬೇಕಾದಷ್ಟು ಜನ. ಆದರೆ ಅವರೇ ಕೊಟ್ಟ ನಂಬರಿಗೆ ಫೋನ್ ಮಾಡಿ ಕೇಳಿದ್ದಾರೆ, ಅವರೇ ಕಳಿಸಿದ ಲಿಂಕ್ ಒತ್ತಿ ನೋಡಿದ್ದಾರೆ, ಅವರೇ ಪರಿಚಯಿಸಿದ "ಹೋದ ತಿಂಗಳು ಸೇರಿದ ಹುಡುಗ"ನ ಹತ್ತಿರ ಮಾತಾಡಿದ್ದಾರೆ. ಕಳ್ಳನ ಬಗ್ಗೆ ಕಳ್ಳನ ತಮ್ಮನನ್ನು ಕೇಳಿದ ಹಾಗೆ. ಅವರು ತೋರಿಸದ ದಾರಿಯಲ್ಲಿ ಹೋಗಿ ವಿಚಾರಿಸಬೇಕು. ಕೆಳಗಿನ ಹಂತಗಳೆಲ್ಲ ಆ ದಾರಿ ಯಾವುದು ಅಂತ ಹೇಳುವುದಕ್ಕೇ.

ಮೊದಲು ಆ ಲೆಟರ್ ನೋಡೋಣ

ಪಿಡಿಎಫ್ ತೆರೆದೆ. ಮೇಲೆ ಎಡಗಡೆ ಸಿಂಹದ ರಾಷ್ಟ್ರ ಲಾಂಛನ. ಬಲಗಡೆ ಒಂದು ಖಾಸಗಿ ವಿಮಾನ ಕಂಪನಿಯ ಲೋಗೋ, ಅಡ್ಡಕ್ಕೆ ಎಳೆದು ಎಳೆದು ರೊಟ್ಟಿ ತಟ್ಟಿದ ಹಾಗಾಗಿದೆ. ಕೆಳಗೆ ಏರ್‌ಪೋರ್ಟ್ ಅಥಾರಿಟಿಯ ಹೆಸರು. ಮೂರೂ ಒಂದೇ ಕಾಗದದಲ್ಲಿ! ಖಾಸಗಿ ಕಂಪನಿ ತನ್ನ ಲೆಟರ್‌ನಲ್ಲಿ ರಾಷ್ಟ್ರ ಲಾಂಛನ ಹಾಕುವ ಹಾಗೇ ಇಲ್ಲ, ಅದಕ್ಕೆ 2005ರಲ್ಲೇ ಕಾನೂನು ಬಂದಿದೆ. ಇನ್ನು ಬೆಂಗಳೂರು ವಿಮಾನ ನಿಲ್ದಾಣವನ್ನು ನಡೆಸುವುದು ಬಿಐಎಎಲ್ ಎಂಬ ಕಂಪನಿ. ವಿಮಾನ ಕಂಪನಿಗಳು ತಮ್ಮ ಜನರನ್ನು ತಾವೇ ತೆಗೆದುಕೊಳ್ಳುತ್ತವೆ, ಲಗೇಜು ನೋಡಿಕೊಳ್ಳುವ ಗ್ರೌಂಡ್ ಹ್ಯಾಂಡ್ಲಿಂಗ್ ಕಂಪನಿಗಳು ಮತ್ತೆ ಬೇರೆ. ಎಲ್ಲರೂ ಸೇರಿ ಒಂದೇ ಲೆಟರ್ ಕೊಡುವುದು ಮದುವೆ ಕಾರ್ಡಿನಲ್ಲಿ ಮಾತ್ರ ನಡೆಯುತ್ತದೆ.

ಹುದ್ದೆ: "ಗ್ರೌಂಡ್ ಸ್ಟಾಫ್ ಕಮ್ ಟಿಕೆಟಿಂಗ್ ಕಮ್ ಲಗೇಜ್ ಸೂಪರ್‌ವೈಸರ್". ಸಂಬಳ 32,500, ಜೊತೆಗೆ ರೂಮು, ಊಟ, ಕ್ಯಾಬ್ ಎಲ್ಲ ಫ್ರೀ. ಇಂಟರ್‌ವ್ಯೂ ಆಗಿದ್ದು ಫೋನಿನಲ್ಲಿ, ಆರು ನಿಮಿಷ. ಹೈಟ್ ಎಷ್ಟು, ಹಿಂದಿ ಬರುತ್ತಾ, ಯಾವಾಗ ಸೇರುತ್ತೀರಾ, ಇಷ್ಟೇ ಪ್ರಶ್ನೆ. ಕೊನೆಯಲ್ಲಿ ಒಂದು ಟೇಬಲ್: ಯೂನಿಫಾರಂ 1,250, ಗೇಟ್ ಪಾಸ್ 950, ಮೆಡಿಕಲ್ 650. "ಮೊದಲ ಸಂಬಳದ ಜೊತೆ ಪೂರ್ತಿ ವಾಪಸ್" ಅಂತ ದಪ್ಪಕ್ಷರದಲ್ಲಿ.

ಆ ಗೇಟ್ ಪಾಸ್ ನೋಡಿದಾಗಲೇ ಮುಗಿಯಿತು. ವಿಮಾನ ನಿಲ್ದಾಣದ ಒಳಗೆ ಕೆಲಸ ಮಾಡುವವರ ಎಂಟ್ರಿ ಪಾಸ್ ಕೊಡುವುದು ಬಿಸಿಎಎಸ್ ಎಂಬ ಕೇಂದ್ರದ ಭದ್ರತಾ ಸಂಸ್ಥೆ. ಅದಕ್ಕೆ ಅರ್ಜಿ ಹಾಕುವುದು ಕೆಲಸ ಕೊಟ್ಟ ಕಂಪನಿ, ಹಿನ್ನೆಲೆ ಪರಿಶೀಲನೆ ಆದ ಮೇಲೆ. ಕೆಲಸಕ್ಕೆ ಸೇರದ ಹುಡುಗ ಹಿರಿಯೂರಿನಲ್ಲಿ ಕೂತು 950 ರೂಪಾಯಿಗೆ ಕೊಂಡುಕೊಳ್ಳುವ ವಸ್ತು ಅದಲ್ಲ.

ಒಂದು ಮಾತು. ಮೊದಲೆಲ್ಲ ಸ್ಪೆಲಿಂಗ್ ತಪ್ಪು ನೋಡಿ ಕಂಡುಹಿಡಿಯಿರಿ ಅನ್ನುತ್ತಿದ್ದರು. ಈಗ ಅದನ್ನು ನಂಬಬೇಡಿ. ಎಐ ಬಂದ ಮೇಲೆ ಕಳ್ಳರ ಇಂಗ್ಲಿಷ್ ನಮ್ಮ ಎಚ್‌ಆರ್‌ಗಳ ಇಂಗ್ಲಿಷ್‌ಗಿಂತ ಚೆನ್ನಾಗಿದೆ.

ಹಂತ 1: "ನಾಳೆ ಕಟ್ತೀನಿ" ಅನ್ನಿ

ಏನೂ ಪರೀಕ್ಷೆ ಮಾಡಲು ಬರದಿದ್ದರೂ ಇದೊಂದನ್ನು ಯಾರು ಬೇಕಾದರೂ ಮಾಡಬಹುದು. ದುಡ್ಡು ಕೇಳಿದವರಿಗೆ "ಇವತ್ತು ಆಗಲ್ಲ ಸರ್, ನಾಳೆ ನಿಮ್ಮ ಆಫೀಸಿಗೇ ಬಂದು ಕಟ್ತೀನಿ, ರಸೀದಿ ಕೊಡಿ" ಅನ್ನಿ. ಆಮೇಲೆ ಸುಮ್ಮನೆ ಕೂತು ನೋಡಿ.

ನಿಜವಾದ ಕಂಪನಿಗೆ ಒಂದು ದಿನ ದೊಡ್ಡ ವಿಷಯವೇ ಅಲ್ಲ. ಆಫರ್ ಕೊಟ್ಟು ಹುಡುಗರು ಬರಲಿ ಅಂತ ಒಂದು ತಿಂಗಳು, ಎರಡು ತಿಂಗಳು ಕಾಯುವವರು ಅವರು. ಕಳ್ಳನಿಗೆ ಮಾತ್ರ ನಿಮ್ಮನ್ನು ರಾತ್ರಿ ಊಟದವರೆಗೂ ಬಿಡಲು ಭಯ, ಯಾಕೆಂದರೆ ಊಟಕ್ಕೆ ಕೂತಾಗ ಅಪ್ಪನೋ ಅಕ್ಕನೋ ಕೇಳುತ್ತಾರೆ. ನಮ್ಮ ಹುಡುಗ ನಾನು ಹೇಳಿದಂತೆ ಮೆಸೇಜ್ ಹಾಕಿದ. ಮೊದಲು "ಸೀಟ್ ಕ್ಯಾನ್ಸಲ್ ಆಗುತ್ತೆ" ಅಂದರು. ಆಮೇಲೆ "ಸರಿ, ಅರ್ಧ ಈಗ ಹಾಕಿ" ಅಂದರು. ಆಮೇಲೆ 500ಕ್ಕೆ ಇಳಿದರು. ವಿಮಾನ ಕಂಪನಿ ತರಕಾರಿ ಮಾರ್ಕೆಟ್ ಥರ ಚೌಕಾಶಿ ಮಾಡುತ್ತಾ? ಸಂಜೆ ಐದೂವರೆಗೆ ಅವರು ನಮ್ಮ ಹುಡುಗನ ನಂಬರನ್ನೇ ಬ್ಲಾಕ್ ಮಾಡಿದ್ದರು.

ಹಂತ 2: ಮೇಲ್ ವಿಳಾಸ ಓದುವುದನ್ನು ಕಲಿಯಿರಿ

ಕಳಿಸಿದವರ ಹೆಸರಿನ ಜಾಗದಲ್ಲಿ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. "ಇನ್ಫೋಸಿಸ್ ಎಚ್‌ಆರ್" ಅಂತ ಕಂಡ ಮಾತ್ರಕ್ಕೆ ಏನೂ ಆಗಲಿಲ್ಲ. ಹೆಸರಿನ ಮೇಲೆ ಒತ್ತಿ ಪೂರ್ತಿ ವಿಳಾಸ ತೆರೆಯಿರಿ. ಅಟ್ ಗುರುತಿನ ನಂತರ ಏನಿದೆ ಅನ್ನುವುದೇ ಮುಖ್ಯ. ಜಿಮೇಲ್ ಇದ್ದರೆ, ದೊಡ್ಡ ಕಂಪನಿಯ ಹೆಸರು ಹೇಳುತ್ತಿದ್ದರೆ, ಅಲ್ಲಿಗೆ ಬಿಟ್ಟುಬಿಡಿ.

ಜಿಮೇಲ್ ಇಲ್ಲದಿದ್ದರೆ ಇನ್ನೂ ಹುಷಾರಾಗಿರಬೇಕು. ವಿಳಾಸವನ್ನು ಬಲದಿಂದ ಎಡಕ್ಕೆ ಓದಿ. ಕೊನೆಯ "ಡಾಟ್ ಕಾಮ್"ಗೆ ಅಂಟಿಕೊಂಡು ಎಡಗಡೆ ಯಾವ ಪದ ಇದೆಯೋ ಅದೇ ಮನೆಯ ಯಜಮಾನ. "ಕೆರಿಯರ್ಸ್ ಡಾಟ್ ಇನ್ಫೋಸಿಸ್ ಡಾಟ್ ಕಾಮ್" ಅಂದರೆ ಯಜಮಾನ ಇನ್ಫೋಸಿಸ್. "ಇನ್ಫೋಸಿಸ್ ಡಾಟ್ ಕೆರಿಯರ್ಸ್‌ಹೆಚ್‌ಆರ್ ಡಾಟ್ ಕಾಮ್" ಅಂದರೆ ಯಜಮಾನ ಬೇರೆ ಯಾರೋ, ಇನ್ಫೋಸಿಸ್ ಅನ್ನುವುದು ಬಾಗಿಲಿಗೆ ಬರೆದ ರಂಗೋಲಿ. ನಡುವೆ ಒಂದು ಅಡ್ಡಗೆರೆ ಹಾಕಿ "ಇನ್ಫೋಸಿಸ್-ಜಾಬ್ಸ್ ಡಾಟ್ ಕಾಮ್" ಮಾಡಿದ್ದರೂ ಅದು ಬೇರೆಯೇ ಮನೆ. ಇಂಥ ಹೆಸರು ಕೆಲವು ನೂರು ರೂಪಾಯಿಗೆ ಯಾರಿಗೆ ಬೇಕಾದರೂ ಸಿಗುತ್ತದೆ. ಸರ್ಕಾರಿ ವಿಳಾಸ ಆದರೆ ಕೊನೆಗೆ "ಡಾಟ್ ಗವ್ ಡಾಟ್ ಇನ್" ಅಥವಾ "ಡಾಟ್ ನಿಕ್ ಡಾಟ್ ಇನ್" ಇರಬೇಕು. "ಗವ್" ಪದ ಮಧ್ಯದಲ್ಲೆಲ್ಲೋ ಇದ್ದು ಕೊನೆಗೆ "ಡಾಟ್ ಆರ್ಗ್" ಇದ್ದರೆ ಪ್ರಯೋಜನ ಇಲ್ಲ.

ನೌಕ್ರಿ, ಲಿಂಕ್ಡ್‌ಇನ್ ಮೂಲಕ ಬಂತು ಅನ್ನುವುದು ಗ್ಯಾರಂಟಿ ಅಲ್ಲ. ನಮ್ಮ ರೆಸ್ಯೂಮೆ ಅಲ್ಲಿ ಇರುತ್ತದೆ, ಫೋನ್ ನಂಬರ್ ಸಮೇತ. ನಮ್ಮ ಕಾಲೇಜು, ನಮ್ಮ ಪಾಸಾದ ವರ್ಷ ಹೇಳಿ ಮಾತಾಡುವವನು ಸಾಚಾ ಇರಲೇಬೇಕು ಅಂತೇನಿಲ್ಲ.

ಹಂತ 3: ಕಂಪನಿಯನ್ನು ನೀವೇ ಹುಡುಕಿಕೊಂಡು ಹೋಗಿ

ಅವರ ಲಿಂಕ್ ಮುಟ್ಟಬೇಡಿ. ಕಂಪನಿಯ ವೆಬ್‌ಸೈಟ್ ವಿಳಾಸವನ್ನು ನೀವೇ ಟೈಪ್ ಮಾಡಿ, ಕೆರಿಯರ್ಸ್ ಪುಟದಲ್ಲಿ ಆ ಹುದ್ದೆ ಇದೆಯಾ ನೋಡಿ. ಇನ್ಫೋಸಿಸ್, ವಿಪ್ರೋ, ಟಿಸಿಎಸ್‌ನಂಥವರು "ನಾವು ನೇಮಕಕ್ಕೆ ದುಡ್ಡು ಕೇಳುವುದಿಲ್ಲ" ಅಂತ ತಮ್ಮ ಸೈಟಿನಲ್ಲೇ ಬರೆದಿದ್ದಾರೆ. ಗೂಗಲ್‌ನಲ್ಲಿ ಮೊದಲು ಕಂಡ ಫೋನ್ ನಂಬರಿಗೆ ಹಾರಬೇಡಿ, ಅಲ್ಲೂ ನಕಲಿ ನಂಬರ್ ಸೇರಿಸಿಟ್ಟಿರುತ್ತಾರೆ. ಕಂಪನಿಯ ಸೈಟಿನಲ್ಲೇ ಇರುವ ನಂಬರಿಗೆ ಮಾಡಿ, ಲೆಟರ್‌ನಲ್ಲಿರುವ ರೆಫರೆನ್ಸ್ ನಂಬರ್ ಹೇಳಿ ಕೇಳಿ.

ಹೆಸರೇ ಕೇಳದ ಕಂಪನಿಯಾದರೆ ಸಿಐಎನ್ ಕೇಳಿ. ಇದು ಕಂಪನಿಯ ಆಧಾರ್ ನಂಬರ್ ಇದ್ದ ಹಾಗೆ, ಅಕ್ಷರ ಅಂಕಿ ಸೇರಿ 21. ಮೊದಲ ಅಕ್ಷರ ಎಲ್ ಇದ್ದರೆ ಷೇರುಪೇಟೆಯಲ್ಲಿ ಲಿಸ್ಟ್ ಆದದ್ದು, ಯು ಇದ್ದರೆ ಆಗದ್ದು. ಆಮೇಲೆ ಐದು ಅಂಕಿ ಯಾವ ಉದ್ಯಮ ಅಂತ ಹೇಳುತ್ತದೆ. ನಂತರ ಎರಡು ಅಕ್ಷರ ರಾಜ್ಯ, ಕರ್ನಾಟಕಕ್ಕೆ ಕೆಎ. ಅದರ ಪಕ್ಕದ ನಾಲ್ಕು ಅಂಕಿ ಕಂಪನಿ ಹುಟ್ಟಿದ ವರ್ಷ. "25 ವರ್ಷದ ಅನುಭವ" ಅಂತ ಕೊಚ್ಚಿಕೊಂಡವರ ಸಿಐಎನ್‌ನಲ್ಲಿ 2024 ಇದ್ದರೆ ನಗು ಬರುತ್ತದೆ ಅಲ್ವಾ? ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಎಂಸಿಎ ಸೈಟಿನಲ್ಲಿ ಕಂಪನಿ ಮಾಸ್ಟರ್ ಡೇಟಾ ಅಂತ ಇದೆ. ಅಲ್ಲಿ ಹಾಕಿದರೆ ಹೆಸರು, ವಿಳಾಸ, ಬಂಡವಾಳ, ಇನ್ನೂ ಚಾಲ್ತಿಯಲ್ಲಿದೆಯಾ ಎಲ್ಲ ಬರುತ್ತದೆ. ಜಿಎಸ್‌ಟಿ ನಂಬರ್ ಕೊಟ್ಟಿದ್ದರೆ ಅದರ ಮೊದಲ ಎರಡು ಅಂಕಿ ನೋಡಿ, ಕರ್ನಾಟಕದ್ದು 29. ಬೆಂಗಳೂರಿನ ಆಫೀಸು ಅಂತ ಹೇಳಿ ಬೇರೆ ರಾಜ್ಯದ ನಂಬರ್ ಹಾಕಿದ್ದರೆ ಯಾಕೆ ಅಂತ ಕೇಳಿ.

ಇಲ್ಲೊಂದು ಗುಂಡಿ ಇದೆ, ಬೀಳಬೇಡಿ. ಸಿಐಎನ್ ಸರಿಯಾಗಿದೆ ಅಂದರೆ ಆ ಕಂಪನಿ ಇದೆ ಅಂತ ಅಷ್ಟೇ. ಆ ಲೆಟರ್ ಅದೇ ಕಂಪನಿಯವರು ಕೊಟ್ಟದ್ದು ಅಂತ ಆಗಲಿಲ್ಲ. ಬೇರೆಯವರ ನಂಬರ್ ಪ್ಲೇಟ್ ಹಾಕಿಕೊಂಡು ಓಡುವ ಬೈಕು ನೋಡಿಲ್ವಾ, ಹಾಗೆ. ಅದಕ್ಕೇ ಫೋನ್ ಮಾಡಿ ಕೇಳುವ ಕೆಲಸ ತಪ್ಪಿಸಬೇಡಿ. ಆಫೀಸು ಬೆಂಗಳೂರಿನಲ್ಲಿದ್ದರೆ ಅಲ್ಲಿರುವ ಸ್ನೇಹಿತನಿಗೆ ಒಂದು ಸಲ ಹೋಗಿ ನೋಡಿ ಬಾ ಅನ್ನಿ. ನೀವು ಕೆಲಸ ಬಿಟ್ಟು, ರೂಮು ಮಾಡಿ, ಮನೆ ಖಾಲಿ ಮಾಡುವುದಕ್ಕಿಂತ ಅವನ ಒಂದು ಮೆಟ್ರೋ ಟಿಕೆಟ್ ಅಗ್ಗ.

ಹಂತ 4: ದುಡ್ಡು ಯಾವ ಕಡೆ ಹರಿಯುತ್ತಿದೆ?

ಫೀಗೆ ಸಾವಿರ ಹೆಸರು ಇಡುತ್ತಾರೆ. ಸೆಕ್ಯುರಿಟಿ ಡೆಪಾಸಿಟ್, ಲ್ಯಾಪ್‌ಟಾಪ್ ಕೊರಿಯರ್ ಚಾರ್ಜ್, ಪೊಲೀಸ್ ವೆರಿಫಿಕೇಷನ್, ಟ್ರೈನಿಂಗ್ ಕಿಟ್, ಸ್ಯಾಲರಿ ಅಕೌಂಟ್ ಆ್ಯಕ್ಟಿವೇಷನ್, ಇನ್ಶೂರೆನ್ಸ್. ವಾಪಸ್ ಕೊಡುತ್ತೇವೆ ಅಂತ ಎಷ್ಟು ಒತ್ತಿ ಹೇಳುತ್ತಾರೋ ಅಷ್ಟು ಅನುಮಾನ ಪಡಿ. ವಾಪಸ್ ಕೊಡುವ ದುಡ್ಡಾದರೆ ಮೊದಲ ಸಂಬಳದಲ್ಲಿ ಹಿಡಿದುಕೊಳ್ಳಿ ಸರ್ ಅನ್ನಿ, ಉತ್ತರ ಬರುವುದಿಲ್ಲ.

ಯುಪಿಐನಲ್ಲಿ ಕಳಿಸುವ ಮುಂಚೆ ಯಾರ ಹೆಸರು ಕಾಣುತ್ತದೆ ನೋಡಿ. ಕಂಪನಿ ಹೆಸರಿನ ಜಾಗದಲ್ಲಿ ಯಾರೋ ಒಬ್ಬ ವ್ಯಕ್ತಿಯ ಹೆಸರು ಬಂದರೆ ಅದಕ್ಕಿಂತ ಜಾಸ್ತಿ ಸಾಕ್ಷಿ ಬೇಕಾ? "ನಮ್ಮ ಅಕೌಂಟೆಂಟ್ ಹೆಸರು" ಅನ್ನುತ್ತಾರೆ, ನಂಬಬೇಡಿ. ಇನ್ನೊಂದು, ದುಡ್ಡು ಬರುವುದಕ್ಕೆ ಪಿನ್ ಹಾಕಬೇಕಾಗಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಾಗಿಲ್ಲ. "ಬರೀ ಒಂದು ರೂಪಾಯಿ" ಅಂತ ಲಿಂಕ್ ಕಳಿಸಿದರೆ ಅವರಿಗೆ ಬೇಕಾದದ್ದು ನಿಮ್ಮ ಕಾರ್ಡ್ ನಂಬರ್ ಮತ್ತು ಒಟಿಪಿ. ಎಪಿಕೆ ಫೈಲ್ (ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಕಳಿಸುವ ಆ್ಯಪ್) ಹಾಕಿಕೊಳ್ಳಿ, ಸ್ಕ್ರೀನ್ ಶೇರ್ ಆ್ಯಪ್ ಹಾಕಿಕೊಳ್ಳಿ ಅಂದರೂ ಅದೇ ಕಥೆ.

ಹಾಗಾದರೆ ಕೆಲಸಕ್ಕೆ ದುಡ್ಡು ಕಟ್ಟುವುದೇ ಇಲ್ವಾ? ಸರ್ಕಾರಿ ಹುದ್ದೆಗೆ ಪರೀಕ್ಷಾ ಶುಲ್ಕ ಇರುತ್ತದೆ. ಆದರೆ ಅದನ್ನು ಅರ್ಜಿ ಹಾಕುವಾಗ ಅಧಿಕೃತ ಸೈಟಿನಲ್ಲೇ ಕಟ್ಟುತ್ತೀರಿ, ಎಷ್ಟು ಅಂತ ಅಧಿಸೂಚನೆಯಲ್ಲೇ ಅಚ್ಚಾಗಿರುತ್ತದೆ. ವಿದೇಶಕ್ಕೆ ಕಳಿಸುವ ಏಜೆಂಟರ ಲೆಕ್ಕ ಬೇರೆ, ಅದು ಮುಂದೆ ಬರುತ್ತದೆ.

ಮನೆಯಿಂದ ಕೆಲಸ: ಲೈಕ್ ಒತ್ತುವುದು, ಫಾರಂ ತುಂಬುವುದು

ಲೈಕ್ ಒತ್ತುವ ಕೆಲಸದಲ್ಲಿ ನಿಮಗೆ ಮೊದಲು ದುಡ್ಡು ಕೊಡುತ್ತಾರೆ. ಅದಕ್ಕೇ ಓದಿದವರೂ ಬೀಳುತ್ತಾರೆ. ವಾಟ್ಸಾಪ್‌ಗೆ ಮೆಸೇಜ್ ಬರುತ್ತದೆ, ಯೂಟ್ಯೂಬ್ ವಿಡಿಯೋ ಲೈಕ್ ಮಾಡಿ, ಗೂಗಲ್ ಮ್ಯಾಪ್ಸ್‌ನಲ್ಲಿ ಹೋಟೆಲಿಗೆ ಐದು ಸ್ಟಾರ್ ಕೊಡಿ, ಒಂದಕ್ಕೆ ಐವತ್ತೋ ನೂರೈವತ್ತೋ. ಮಾಡುತ್ತೀರಿ, ನಿಜವಾಗಿಯೂ ಅಕೌಂಟಿಗೆ ಬೀಳುತ್ತದೆ. ಆಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸುತ್ತಾರೆ. ಅಲ್ಲಿ ದಿನವಿಡೀ ಯಾರ್‍ಯಾರೋ "ಇವತ್ತು 18,000 ಬಂತು, ಥ್ಯಾಂಕ್ಯೂ ಮೇಡಂ" ಅಂತ ಸ್ಕ್ರೀನ್‌ಶಾಟ್ ಹಾಕುತ್ತಿರುತ್ತಾರೆ. ಆ ಗುಂಪಿನಲ್ಲಿ ನಿಮ್ಮನ್ನು ಬಿಟ್ಟು ಹೆಚ್ಚುಕಮ್ಮಿ ಎಲ್ಲರೂ ಅವರ ಕಡೆಯವರೇ. ಈಗ "ಪ್ರೀಪೇಯ್ಡ್ ಟಾಸ್ಕ್": ಸಾವಿರ ಹಾಕಿದರೆ ಸಾವಿರದ ಮುನ್ನೂರು. ಅದೂ ಬರುತ್ತದೆ. ಮುಂದೆ ಐದು ಸಾವಿರ, ಇಪ್ಪತ್ತು ಸಾವಿರ. ಒಂದು ವೆಬ್‌ಸೈಟಿನಲ್ಲಿ ನಿಮ್ಮ ಹೆಸರಿನಲ್ಲಿ ಲಕ್ಷಗಟ್ಟಲೆ ಕಾಣುತ್ತದೆ, ತೆಗೆಯಲು ಹೋದರೆ "ನೀವು ತಪ್ಪು ಬಟನ್ ಒತ್ತಿದ್ದೀರಿ, ಸರಿ ಮಾಡಲು ಇನ್ನೂ ಐವತ್ತು ಸಾವಿರ ಹಾಕಿ" ಅನ್ನುತ್ತಾರೆ. ಆಮೇಲೆ ಟ್ಯಾಕ್ಸ್. ಹೋದ ದುಡ್ಡು ವಾಪಸ್ ಬರಲಿ ಅಂತಲೇ ಜನ ಇನ್ನಷ್ಟು ಹಾಕುತ್ತಾರೆ, ಒಡವೆ ಅಡ ಇಟ್ಟು ಹಾಕಿದವರನ್ನು ನಾನೇ ಬಲ್ಲೆ. ಇಂಥ ಟಾಸ್ಕ್ ಮೋಸದ 100ಕ್ಕೂ ಹೆಚ್ಚು ವೆಬ್‌ಸೈಟ್‌ಗಳನ್ನು ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ಬಂದ್ ಮಾಡಿಸಿತು. ಹೊಸ ಹೆಸರಿನಲ್ಲಿ ಮತ್ತೆ ಬರುತ್ತಲೇ ಇವೆ.

ಮೊದಲ ನೂರೈವತ್ತು ಬಂದಾಗಲೇ ಕೇಳಿಕೊಳ್ಳಿ: ಒಂದು ಲೈಕಿಗೆ ನೂರೈವತ್ತು ಕೊಟ್ಟರೆ ಯಾರಿಗೆ ಲಾಭ?

ಫಾರಂ ತುಂಬುವ ಡೇಟಾ ಎಂಟ್ರಿಯಲ್ಲಿ ದುಡ್ಡು ಮೊದಲು ಕೇಳುವುದೇ ಇಲ್ಲ. ಏಳು ದಿನದಲ್ಲಿ ಇಷ್ಟು ಫಾರಂ, ತಪ್ಪು ಶೇ 10 ಮೀರಬಾರದು, ಹದಿನೈದು ಇಪ್ಪತ್ತು ಸಾವಿರ ಕೊಡುತ್ತೇವೆ. ಸ್ಟ್ಯಾಂಪ್ ಪೇಪರಿನ ಅಗ್ರಿಮೆಂಟ್‌ಗೆ ಆನ್‌ಲೈನ್ ಸಹಿ. ಮಸುಕಾದ ಚಿತ್ರ ನೋಡಿಕೊಂಡು ಗೃಹಿಣಿಯರು, ವಿದ್ಯಾರ್ಥಿಗಳು ರಾತ್ರಿಯೆಲ್ಲ ಕುಟ್ಟುತ್ತಾರೆ. ಕೊನೆಯ ದಿನ ಸೈಟ್ ತೆರೆಯುವುದಿಲ್ಲ, ಅಥವಾ "ಕ್ವಾಲಿಟಿಯಲ್ಲಿ ಫೇಲ್". ಮರುದಿನ "ವಕೀಲ"ರ ಫೋನು: ಅಗ್ರಿಮೆಂಟ್ ಮುರಿದಿದ್ದೀರಿ, ಕೇಸ್ ಹಾಕುತ್ತೇವೆ, ಮನೆಗೆ ಪೊಲೀಸ್ ಬರುತ್ತಾರೆ, ಇಲ್ಲದಿದ್ದರೆ ಆರು ಸಾವಿರ ಕಟ್ಟಿ ಸೆಟ್ಲ್ ಮಾಡಿಕೊಳ್ಳಿ. ಹೆದರಬೇಡಿ, ಕಟ್ಟಬೇಡಿ. ಟೈಪಿಂಗ್ ಒಪ್ಪಂದ ಪೂರೈಸದಿದ್ದರೆ ಅದು ಸಿವಿಲ್ ವಿಷಯ, ಅದಕ್ಕೆ ಯಾರೂ ಬಂದು ಅರೆಸ್ಟ್ ಮಾಡುವುದಿಲ್ಲ. ವಕೀಲರ ನೋಟಿಸು ಕೋರ್ಟ್ ಆದೇಶ ಅಲ್ಲ, ಇಲ್ಲಂತೂ ಆ ವಕೀಲರೇ ಡೂಪ್ಲಿಕೇಟು. ನೋಟಿಸು, ಕರೆಯ ದಾಖಲೆ ಇಟ್ಟುಕೊಂಡು ನೀವೇ ದೂರು ಕೊಡಿ.

ಇನ್ನು "ನಿಮ್ಮ ಬ್ಯಾಂಕ್ ಖಾತೆ ಬಾಡಿಗೆಗೆ ಕೊಡಿ, ಬಂದ ದುಡ್ಡಿನಲ್ಲಿ ಕಮಿಷನ್" ಅನ್ನುವ ಕೆಲಸ. ಅದು ಬೇರೆಯವರಿಂದ ದೋಚಿದ ದುಡ್ಡು. ಖಾತೆ ನಿಮ್ಮದು, ಹಾಗಾಗಿ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ.

ಸರ್ಕಾರಿ ಕೆಲಸ, "ಒಳಗಡೆ ಜನ ಇದ್ದಾರೆ"

2022ರಲ್ಲಿ ತಮಿಳುನಾಡಿನ 28 ಯುವಕರ ಕಥೆ ಪೇಪರಿನಲ್ಲಿ ಬಂದಿತ್ತು. ರೈಲ್ವೆಯಲ್ಲಿ ಟಿಟಿಇ, ಕ್ಲರ್ಕ್ ಕೆಲಸ ಅಂತ ಒಬ್ಬೊಬ್ಬರಿಂದ 2 ಲಕ್ಷದಿಂದ 24 ಲಕ್ಷದವರೆಗೆ, ಒಟ್ಟು ಎರಡೂವರೆ ಕೋಟಿಗೂ ಜಾಸ್ತಿ ಕಿತ್ತುಕೊಂಡಿದ್ದರು. "ಟ್ರೈನಿಂಗ್" ಅಂತ ಅವರನ್ನು ನವದೆಹಲಿ ರೈಲು ನಿಲ್ದಾಣದ ಪ್ಲಾಟ್‌ಫಾರಂನಲ್ಲಿ ನಿಲ್ಲಿಸಿ, ದಿನಕ್ಕೆ ಎಂಟು ಗಂಟೆ ಎಷ್ಟು ರೈಲು ಬಂದವು, ಎಷ್ಟು ಹೋದವು ಅಂತ ಎಣಿಸಲು ಹಚ್ಚಿದ್ದರು. ಸುಮಾರು ಒಂದು ತಿಂಗಳು ಎಣಿಸಿದರು. ಓದಿ ನಗಬೇಡಿ. ಸುತ್ತಮುತ್ತ ನಿಜವಾದ ರೈಲು, ನಿಜವಾದ ಸಿಬ್ಬಂದಿ ಇರುವಾಗ ತಾನು ಮಾಡುತ್ತಿರುವುದೊಂದೇ ಸುಳ್ಳು ಅಂತ ಯಾರಿಗೆ ಹೊಳೆಯುತ್ತದೆ?

ನಮ್ಮಲ್ಲೂ ವಿಧಾನಸೌಧದ ಮೆಟ್ಟಿಲ ಹತ್ತಿರ, ಯಾವುದೋ ಇಲಾಖೆಯ ಕಾರಿಡಾರಿನಲ್ಲಿ ಭೇಟಿ ಮಾಡಿಸುವವರು ಇದ್ದಾರೆ. ಕಟ್ಟಡ ನಿಜ ಅಂದ ಮಾತ್ರಕ್ಕೆ ಮನುಷ್ಯ ನಿಜ ಆಗಲ್ಲ. ದುಡ್ಡು ಕೊಟ್ಟರೆ ಆಗುತ್ತದೆ ಅನ್ನುವ ನಂಬಿಕೆ ಸುಮ್ಮಸುಮ್ಮನೆ ಬಂದದ್ದಲ್ಲ ಅನ್ನುವುದೂ ಗೊತ್ತು. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮದಿಂದ 2022ರಲ್ಲಿ ರದ್ದಾಗಿ, 2024ರ ಜನವರಿಯಲ್ಲಿ ಮತ್ತೆ ನಡೆಯಬೇಕಾಯಿತು. ಆ ನಂಬಿಕೆಯನ್ನೇ ಈ ದಲ್ಲಾಳಿಗಳು ಮಾರುತ್ತಾರೆ. ಹತ್ತು ಜನರಿಂದ ತೆಗೆದುಕೊಳ್ಳುತ್ತಾರೆ, ಅದರಲ್ಲಿ ಇಬ್ಬರು ತಾವೇ ಓದಿ ಪಾಸಾಗುತ್ತಾರೆ, ದಲ್ಲಾಳಿ "ನೋಡಿ ನಾನೇ ಮಾಡಿಸಿದ್ದು" ಅನ್ನುತ್ತಾನೆ.

ಪರೀಕ್ಷೆ ಮಾಡುವುದು ಹೇಗೆ? ನೇಮಕಾತಿ ಆದೇಶ ಬಂದಿದೆ ಅಂದರೆ ಅದಕ್ಕೊಂದು ಅಧಿಸೂಚನೆ, ಪರೀಕ್ಷೆ, ಆಯ್ಕೆ ಪಟ್ಟಿ ಇರಲೇಬೇಕು. ಕೆಪಿಎಸ್‌ಸಿ, ಕೆಇಎ, ರೈಲ್ವೆಯ ಆರ್‌ಆರ್‌ಬಿ, ಯಾವುದೇ ಆಗಲಿ, ಅವರ ಸೈಟಿನಲ್ಲಿ ನಿಮ್ಮ ರಿಜಿಸ್ಟರ್ ನಂಬರ್ ಇರುವ ಪಟ್ಟಿ ಇದೆಯಾ? ನೀವು ಪರೀಕ್ಷೆಯನ್ನೇ ಬರೆಯದೆ ಆದೇಶ ಬಂದಿದ್ದರೆ ಮುಂದೆ ಯೋಚಿಸುವುದೇ ಬೇಡ. ಹೊರಗುತ್ತಿಗೆ ಕೆಲಸ ಅಂದರೆ ಏಜೆನ್ಸಿ ಹೆಸರು ಕೇಳಿ ಆ ಇಲಾಖೆಯ ಕಚೇರಿಗೇ ಹೋಗಿ ವಿಚಾರಿಸಿ, ದಲ್ಲಾಳಿಯನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ.

ಐಟಿಯವರ "ಬ್ಯಾಕ್‌ಡೋರ್" ಇದರದ್ದೇ ತಮ್ಮ. ದುಡ್ಡು ಕಟ್ಟಿಸಿಕೊಂಡು ಒಂದು ಆಫೀಸಿನಲ್ಲಿ ಕೂರಿಸಿ, ಐಡಿ ಕಾರ್ಡ್ ಕೊಟ್ಟು, ನೀವು ಕೊಟ್ಟ ದುಡ್ಡಿನಲ್ಲೇ ಎರಡು ತಿಂಗಳು ಸಂಬಳ ಹಾಕಿ ಬಾಗಿಲು ಹಾಕುತ್ತಾರೆ. ನಕಲಿ ಅನುಭವ ಪತ್ರ ಮಾಡಿಕೊಡುತ್ತೇನೆ ಅಂದರೆ ಅಲ್ಲಿ ಮೋಸ ಮಾಡಿದವರ ಪಟ್ಟಿಗೆ ನೀವೂ ಸೇರಿದಿರಿ. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ಪಿಎಫ್ ದಾಖಲೆ ನೋಡಿದರೆ ಸಿಕ್ಕಿಬೀಳುತ್ತೀರಿ.

ವಿದೇಶದ ಕೆಲಸ: ಇಲ್ಲಿ ಹೋಗುವುದು ದುಡ್ಡು ಮಾತ್ರ ಅಲ್ಲ

ಕಲಬುರಗಿ ಜಿಲ್ಲೆಯ ಹುಡುಗರು ರಷ್ಯಾದಲ್ಲಿ ಸೆಕ್ಯುರಿಟಿ, ಹೆಲ್ಪರ್ ಕೆಲಸ ಅಂತ ಹೋಗಿ ಯುದ್ಧಭೂಮಿಯಲ್ಲಿ ಸಿಕ್ಕಿಕೊಂಡಿದ್ದು 2024ರ ಫೆಬ್ರವರಿಯಲ್ಲಿ ಸುದ್ದಿಯಾಯಿತು. ಊರಿಗೆ ವಾಪಸ್ ಬರುವಾಗ ಸೆಪ್ಟೆಂಬರ್. ಥಾಯ್ಲೆಂಡ್‌ನಲ್ಲಿ ಡೇಟಾ ಎಂಟ್ರಿ, ಡಿಜಿಟಲ್ ಮಾರ್ಕೆಟಿಂಗ್ ಅಂತ ಕರೆಸಿಕೊಂಡು, ಗಡಿ ದಾಟಿಸಿ ಮ್ಯಾನ್ಮಾರ್‌ನ ಕಾಂಪೌಂಡುಗಳಲ್ಲಿ ಕೂಡಿಹಾಕಿ, ಪಾಸ್‌ಪೋರ್ಟ್ ಕಿತ್ತುಕೊಂಡು, ನಮ್ಮವರಿಂದಲೇ ನಮ್ಮವರಿಗೆ ಆನ್‌ಲೈನ್ ಮೋಸ ಮಾಡಿಸುತ್ತಾರೆ. ಕಾಂಬೋಡಿಯಾ, ಲಾವೋಸ್‌ನಲ್ಲೂ ಹೀಗೇ. 2025ರ ಮಾರ್ಚ್‌ನಲ್ಲಿ ಒಂದೇ ಸಲಕ್ಕೆ 283 ಭಾರತೀಯರನ್ನು ಥಾಯ್ಲೆಂಡ್‌ನ ಮೇ ಸೊಟ್‌ನಿಂದ ವಾಯುಪಡೆ ವಿಮಾನದಲ್ಲಿ ಕರೆತಂದರು. ಮೇಲೆ ಹೇಳಿದ ಟೆಲಿಗ್ರಾಂ "ಮೇಡಂ" ಅಂಥ ಕಡೆ ಏಟು ತಿನ್ನುತ್ತಾ ಟೈಪ್ ಮಾಡುತ್ತಿರುವ ಯಾರೋ ಬಿಕಾಂ ಹುಡುಗನೇ ಇರಬಹುದು.

ಆದ್ದರಿಂದ ಗಲ್ಫ್ ಆಗಲಿ ಬೇರೆ ದೇಶ ಆಗಲಿ, ಮೊದಲು ಏಜೆಂಟರ ಲೈಸೆನ್ಸ್ ನಂಬರ್ ಕೇಳಿ. 1983ರ ಎಮಿಗ್ರೇಷನ್ ಕಾಯ್ದೆ ಪ್ರಕಾರ ವಿದೇಶಕ್ಕೆ ಕೆಲಸಕ್ಕೆ ಕಳಿಸುವವರು ನೋಂದಣಿ ಮಾಡಿಸಿರಲೇಬೇಕು. ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಸೈಟಿನಲ್ಲಿ ನೋಂದಾಯಿತ ಏಜೆಂಟರ ಪಟ್ಟಿಯೂ ಇದೆ, ನೋಂದಣಿ ಇಲ್ಲದೆ ನಡೆಸುವವರ ಪಟ್ಟಿಯೂ ಇದೆ. ಎರಡನ್ನೂ ನೋಡಿ. ಏಜೆಂಟರು ತಮ್ಮ ಸೇವೆಗೆ ತೆಗೆದುಕೊಳ್ಳಬಹುದಾದ ಗರಿಷ್ಠ ಫೀ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕೆ ರಸೀದಿ ಕೊಡಬೇಕು. ಎರಡು ಲಕ್ಷ, ಮೂರು ಲಕ್ಷ ಕ್ಯಾಶ್ ಕೇಳಿದರೆ ಅಲ್ಲೇ ಗೊತ್ತಾಗಬೇಕು.

ಇನ್ನೊಂದು ಮಾತು ಬಂದರೆ ಪಾಸ್‌ಪೋರ್ಟ್ ವಾಪಸ್ ಇಸ್ಕೊಂಡು ಎದ್ದು ಬನ್ನಿ: "ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲಿ ವರ್ಕ್ ಪರ್ಮಿಟ್ ಮಾಡಿಸೋಣ." ಕೆಲಸದ ವೀಸಾ, ಸಂಬಳ ಬರೆದಿರುವ ಕರಾರು ಪತ್ರ, ಕಂಪನಿಯ ವಿಳಾಸ ಇವು ಕೈಯಲ್ಲಿ ಇರಬೇಕು, ಒಂದು ಪ್ರತಿ ಮನೆಯಲ್ಲಿ ಇರಬೇಕು. ಆ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಗೆ ಮೇಲ್ ಹಾಕಿ ಕಂಪನಿ ಬಗ್ಗೆ ಕೇಳಬಹುದು. ನಮ್ಮ ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಇಂಟರ್‌ನ್ಯಾಷನಲ್ ಮೈಗ್ರೇಷನ್ ಸೆಂಟರ್ ಇದೆ, ಅಲ್ಲೂ ವಿಚಾರಿಸಬಹುದು. ಕರಾವಳಿಯ ಕಡೆ ಪ್ರತಿ ಊರಿನಲ್ಲೂ ಗಲ್ಫ್‌ನಲ್ಲಿರುವವರು ಒಬ್ಬರಾದರೂ ಸಿಗುತ್ತಾರೆ, ಅವರಿಗೆ ಕಂಪನಿ ಹೆಸರು ಕಳಿಸಿ.

ದುಡ್ಡು ಹೋಗಿಬಿಟ್ಟಿದ್ದರೆ

ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಗೆಳೆಯರಿಗೆ ಹೇಳಿ ಅಳುವುದು ಆಮೇಲೆ. ನಿಮ್ಮ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಿರುತ್ತದೆ. ಎಟಿಎಂನಿಂದ ಹೊರಗೆ ಬರುವ ಮೊದಲು ತಡೆದರೆ ಸಿಕ್ಕೀತು. ನೀವೇ ಪಿನ್ ಹಾಕಿ ಕಳಿಸಿದ ದುಡ್ಡನ್ನು ಬ್ಯಾಂಕ್ ತಾನಾಗಿ ವಾಪಸ್ ಕೊಡುವುದಿಲ್ಲ, ಹಾಗಾಗಿ ತಡೆಹಿಡಿಸುವುದೊಂದೇ ದಾರಿ. ಫೋನ್ ಮಾಡುವಾಗ ಕೈಯಲ್ಲಿ ಇರಬೇಕಾದದ್ದು: ಎಷ್ಟು ಹೋಯಿತು, ಎಷ್ಟು ಹೊತ್ತಿಗೆ, ಯಾವ ಖಾತೆಯಿಂದ, ಯಾವ ಯುಪಿಐ ಐಡಿಗೆ, ಮತ್ತು 12 ಅಂಕಿಯ ವಹಿವಾಟು ಸಂಖ್ಯೆ. ಅದು ಪೇಮೆಂಟ್ ಹಿಸ್ಟರಿಯಲ್ಲಿ ಯುಟಿಆರ್ ಅಂತ ಇರುತ್ತದೆ.

ಆಮೇಲೆ ಸೈಬರ್‌ಕ್ರೈಂ ಡಾಟ್ ಗವ್ ಡಾಟ್ ಇನ್‌ನಲ್ಲಿ ಪೂರ್ತಿ ದೂರು ದಾಖಲಿಸಿ. ಚಾಟ್ ಡಿಲೀಟ್ ಮಾಡಬೇಡಿ, ಬ್ಲಾಕ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ನಂಬರ್ ಕಾಣುವ ಹಾಗೆ. ಜಿಲ್ಲೆಯಲ್ಲಿ ಸಿಇಎನ್ ಪೊಲೀಸ್ ಠಾಣೆ ಇರುತ್ತದೆ, ಸೈಬರ್ ಕೇಸು ನೋಡುವುದು ಅವರೇ. ಹತ್ತಿರದ ಮಾಮೂಲಿ ಠಾಣೆಗೂ ಹೋಗಬಹುದು. "ಇದು ನಮ್ಮ ಲಿಮಿಟ್‌ಗೆ ಬರಲ್ಲ" ಅಂದರೆ ಝೀರೋ ಎಫ್‌ಐಆರ್ (ಯಾವ ಠಾಣೆಯ ಲಿಮಿಟ್ ಆದರೂ ದಾಖಲಿಸಿಕೊಳ್ಳುವ ದೂರು) ಮಾಡಿ ಸರ್ ಅನ್ನಿ, ಹೊಸ ಕಾನೂನಿನಲ್ಲಿ ಅದಕ್ಕೆ ಸ್ಪಷ್ಟ ಅವಕಾಶ ಇದೆ.

ಆಧಾರ್, ಪ್ಯಾನ್ ಕಳಿಸಿಬಿಟ್ಟಿದ್ದರೆ ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐ ಸೈಟಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಸೈಟಿನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಿ, ನಿಮ್ಮದಲ್ಲದ್ದು ಕಂಡರೆ ಅಲ್ಲೇ ಹೇಳಿ. ಎರಡು ಮೂರು ತಿಂಗಳು ಬಿಟ್ಟು ಕ್ರೆಡಿಟ್ ರಿಪೋರ್ಟ್ ತೆಗೆದು, ಗೊತ್ತಿಲ್ಲದ ಸಾಲ ಇದೆಯಾ ನೋಡಿ. ಮುಂದೆ ಯಾರಾದರೂ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

"ನಿಮ್ಮ ಹೋದ ದುಡ್ಡು ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಫೀ ಆಗುತ್ತದೆ" ಅಂತ ಆಮೇಲೆ ಒಬ್ಬ ಫೋನ್ ಮಾಡುತ್ತಾನೆ. ಅವನೂ ಅವರವನೇ.

ದುಡ್ಡು ಹೋಗದಿದ್ದರೂ ದೂರು ಕೊಡಬಹುದು. ಸಂಚಾರ್ ಸಾಥಿಯಲ್ಲೇ ಚಕ್ಷು ಅಂತ ಇದೆ, ಅನುಮಾನದ ಕರೆ, ವಾಟ್ಸಾಪ್ ಮೆಸೇಜ್ ಬಗ್ಗೆ ಅಲ್ಲಿ ತಿಳಿಸಬಹುದು. ಸೈಬರ್‌ಕ್ರೈಂ ಪೋರ್ಟಲ್‌ನಲ್ಲಿ ಒಂದು ನಂಬರ್ ಅಥವಾ ಯುಪಿಐ ಐಡಿ ಮೇಲೆ ಈಗಾಗಲೇ ದೂರು ಇದೆಯಾ ಅಂತ ಹುಡುಕಿ ನೋಡುವ ಸೌಲಭ್ಯವೂ ಇದೆ. ನಮ್ಮ ಹುಡುಗ ಆ ಏರ್‌ಪೋರ್ಟ್ ನಂಬರನ್ನು ಚಕ್ಷುಗೆ ಹಾಕಿದ, ಐದು ನಿಮಿಷದ ಕೆಲಸ. ಅಮ್ಮನ ಮುನ್ನೂರೈವತ್ತನ್ನು ಅವತ್ತೇ ವಾಪಸ್ ಕೊಟ್ಟನಂತೆ. ಅದರಲ್ಲಿ ಐವತ್ತು ಕಮ್ಮಿ ಇತ್ತು ಅಂತ ಚಿಕ್ಕಮ್ಮ ನನಗೆ ಫೋನ್ ಮಾಡಿ ಕೇಳುತ್ತಿದ್ದಾರೆ.